ರೆಸ್ಯೂಮೆ ಸರ್ಚಿಗೇ ಬೀಳ್ತಿಲ್ಲ, ಅನುಭವ ಇದ್ದೋರು ಹೇಳಿ

ಪ್ರಶ್ನೆ: ಆಟೊಮೇಶನ್ ಟೆಸ್ಟಿಂಗ್ (ಸಾಫ್ಟ್‌ವೇರನ್ನ ಟೂಲ್ ಬಳಸಿ ತಾನಾಗೇ ಪರೀಕ್ಷೆ ಆಗೋ ಹಾಗೆ ಮಾಡೋದು), 4 ವರ್ಷ. ನೌಕ್ರಿ, ಲಿಂಕ್ಡ್‌ಇನ್ ಎರಡರಲ್ಲೂ ಪ್ರೊಫೈಲ್ ಇದೆ. ಎರಡು ತಿಂಗಳಿಂದ ಒಂದು ಕಾಲ್ ಇಲ್ಲ. ದುಡ್ಡು ಕೊಟ್ಟು ರೆಸ್ಯೂಮೆ ಬರೆಸ್ಲಾ?

ಬೂಲಿಯನ್ ಬಸ್ಯಾ: ದುಡ್ಡು ಯಾಕ ಕಳೀತೀರಿ? ರೆಸ್ಡೆಕ್ಸ್‌ನ್ಯಾಗ (ನೌಕ್ರಿಯೊಳಗ ಕಂಪನಿಯವರು ರೆಸ್ಯೂಮೆ ಹುಡುಕೂ ಜಾಗ) ಕುಂತಾಂವ ಮೊದಲ ಓದೂದಿಲ್ರಿ, ಹಿಂಗ ಹೊಡೀತಾನ: ಸೆಲೇನಿಯಂ ಆ್ಯಂಡ್ ಜಾವಾ ಆ್ಯಂಡ್ ("ಆಟೊಮೇಶನ್ ಟೆಸ್ಟರ್" ಆರ್ "ಕ್ಯೂಎ ಇಂಜಿನಿಯರ್" ಆರ್ "ಎಸ್‌ಡಿಇಟಿ") ನಾಟ್ ಮ್ಯಾನ್ಯುವಲ್. ಸೆಲೇನಿಯಂ ಅಂದ್ರ ಟೆಸ್ಟಿಂಗ್ ಟೂಲ್; ಆ್ಯಂಡ್ ಅಂದ್ರ ಎರಡೂ ಬೇಕು, ಆರ್ ಅಂದ್ರ ಯಾವದರೆ ಒಂದು, ನಾಟ್ ಅಂದ್ರ ಇರಬಾರದು. ಕಂಪನಿ ಕೊಟ್ಟ "ಸೀನಿಯರ್ ಅಸೋಸಿಯೇಟ್" ಅನ್ನೂ ಹುದ್ದೆ ಯಾರೂ ಹುಡುಕೂದಿಲ್ಲ. ಬ್ರಾಕೆಟ್‌ನ್ಯಾಗಿನ ಒಂದು ಹೆಸರರೆ ಹೆಡ್‌ಲೈನಿನ್ಯಾಗ ಇರಬೇಕು. ಮ್ಯಾನ್ಯುವಲ್ (ಕೈಯಿಂದ ಮಾಡೂ ಟೆಸ್ಟಿಂಗ್) ಅನ್ನೂದು ಅಳಸ್ರಿ. ಹಳೇ ಪ್ರಾಜೆಕ್ಟಿನ ಒಂದ ಸಾಲಿನ್ಯಾಗ ಇದ್ರೂ ಇಡೀ ರೆಸ್ಯೂಮೆ ಔಟ್.

ಹಳೇ ಎಚ್‌ಆರ್: ಅಳಿಸಬೇಡಿ! ಮ್ಯಾನ್ಯುವಲ್, ಆಟೊಮೇಶನ್ ಎರಡೂ ಕೇಳೋ ಕೆಲಸ ರಾಶಿ ಇವೆ, ಅವೂ ಕೈಬಿಡ್ತವೆ. ನಾಟ್ ಹಾಕೋದು ಹೊಸಬರು. ಕತ್ತರಿ ಇರೋದು ಫಿಲ್ಟರ್‌ನಲ್ಲಿ. 90 ದಿನ ನೋಟಿಸ್ ಅಂತ ತುಂಬಿದವರು 30 ದಿನದ ಫಿಲ್ಟರಿಗೆ ಸಿಗೋದೇ ಇಲ್ಲ. ರಾಜೀನಾಮೆ ಕೊಟ್ಟಾಗಿದ್ರೆ ಕೊನೇ ದಿನಾಂಕ ಹಾಕಿ. ಲಾಗಿನ್ ಆಗದೆ ತಿಂಗಳಾಗಿದ್ರೆ "ಆ್ಯಕ್ಟಿವ್" ಫಿಲ್ಟರ್ ಅಲ್ಲೇ ನುಂಗುತ್ತೆ.

ಬೂಲಿಯನ್ ಬಸ್ಯಾ: ಹೊಸಬರು ಅಂದ್ರ ಯಾರಿಗ್ರಿ? ಸಾವಿರ ಪ್ರೊಫೈಲ್ ಬಂದಾಗ ನೀವೇನು ಒಂದೊಂದ ತೆರದು ಓದತೀರೇನು?

ಪಿಡಿಎಫ್ ಪೀಡಿತೆ: ಇಬ್ಬರೂ ಜಗಳ ನಿಲ್ಲಿಸಿ, ಫೈಲ್ ಓದಿಸಿಕೊಳ್ಳುತ್ತಾ ಅಂತ ಮೊದಲು ನೋಡಬೇಕು. ಮೂರೂವರೆ ಸಾವಿರ ತೆತ್ತ ಎರಡು ಕಾಲಂ ಟೆಂಪ್ಲೇಟಿನ ಹೊಟ್ಟೆಯುರಿ ಇನ್ನೂ ಆರಿಲ್ಲ. ಎಡಗಡೆ ಸ್ಕಿಲ್, ಬಲಗಡೆ ತಾರೀಖು ಬೆರೆತು ಕಲಸುಮೇಲೋಗರ. ಜಾವಾಕ್ಕೆ ಐದು ನಕ್ಷತ್ರ ಕೊಟ್ಟಿದ್ದು ಬರೀ ಚಿತ್ರ, ಪಾರ್ಸರ್‌ಗೆ (ರೆಸ್ಯೂಮೆ ಓದೋ ಸಾಫ್ಟ್‌ವೇರ್‌ಗೆ) ಸೊನ್ನೆ. ಪಿಡಿಎಫ್ ತೆರೆದು ಕಂಟ್ರೋಲ್ ಎ, ಕಂಟ್ರೋಲ್ ಸಿ, ನೋಟ್‌ಪ್ಯಾಡ್‌ಗೆ ಪೇಸ್ಟ್. ಏನೂ ಬರದಿದ್ರೆ ಅದು ಸ್ಕ್ಯಾನ್. ಬಿಳಿ ಅಕ್ಷರದಲ್ಲಿ ಕೀವರ್ಡ್ ಬಚ್ಚಿಡೋ ಬುದ್ಧಿವಂತಿಕೆನೂ ಬೇಡ, ನೋಟ್‌ಪ್ಯಾಡ್‌ನಲ್ಲಿ ಎಲ್ಲಾ ಬೆತ್ತಲೆ.

ನುಡಿಪ್ರೇಮಿ: ಅನುವಾದ, ಕಂಟೆಂಟ್ ಕೆಲಸಕ್ಕೆ ಕನ್ನಡ ರೆಸ್ಯೂಮೆ ಹಾಕೋರೂ ಕೇಳಿ. ಹಳೇ ನುಡಿ, ಬರಹದ ಆಸ್ಕಿ ಫಾಂಟ್ (ಇಂಗ್ಲಿಷ್ ಅಕ್ಷರದ ಕೋಡಿಗೆ ಕನ್ನಡದ ಆಕಾರ ಹಚ್ಚಿದ್ದು) ಆದ್ರೆ ಕಣ್ಣಿಗೆ ಕನ್ನಡ, ಸರ್ಚಿಗೆ ಕಸ. ಯೂನಿಕೋಡ್ ಮಾಡಿ. ಊರಿನ ಹೆಸರೂ ಅಷ್ಟೆ. 2014ರ ನವೆಂಬರ್ 1ರಿಂದ ಇಂಗ್ಲಿಷಲ್ಲೂ ಬೆಂಗಳೂರೇ, ಆದ್ರೂ ಬ್ಯಾಂಗಲೋರ್ ಅಂತ ಟೈಪಿಸೋರು ಸತ್ತಿಲ್ಲ. ಎರಡೂ ಇರಲಿ.

ಹಳೇ ಎಚ್‌ಆರ್: ಟೆಸ್ಟಿಂಗ್ ಕೇಳಿದ್ರೆ ನುಡಿ ಫಾಂಟ್ ಎಲ್ಲಿಂದ ಬಂತು ಸ್ವಾಮಿ? ಊರು ಡ್ರಾಪ್‌ಡೌನ್‌ನಲ್ಲಿ ಬರುತ್ತೆ.

ನುಡಿಪ್ರೇಮಿ: ಗೂಗಲ್‌ನಲ್ಲಿ ಲಿಂಕ್ಡ್‌ಇನ್ ಎಕ್ಸ್‌ರೇ ಮಾಡೋವಾಗ, ಅಂದ್ರೆ ಗೂಗಲ್ ಸರ್ಚಿನಿಂದಲೇ ಲಿಂಕ್ಡ್‌ಇನ್ ಪ್ರೊಫೈಲ್ ಹುಡುಕೋವಾಗ, ಯಾವ ಡ್ರಾಪ್‌ಡೌನ್ ಒತ್ತುತ್ತೀರಿ?

ಬೂಲಿಯನ್ ಬಸ್ಯಾ: ಹಾಂ, ಈಗ ಹೇಳ್ರಿ! ಲಿಂಕ್ಡ್‌ಇನ್‌ನ್ಯಾಗ ವರ್ಡ್‌ನಿಂದ ತಂದ ಡೊಂಕು ಕೋಟ್ (ನೆಟ್ಟಗಿರದ ಉದ್ಧರಣ ಚಿಹ್ನೆ) ಹಾಕಿ "ರಿಸಲ್ಟೇ ಬರಲಿಲ್ಲ" ಅನ್ನೂ ಪೈಕಿ ಇರಬೇಕು ಈ ಎಚ್‌ಆರ್.

ಪ್ರಶ್ನೆ ಹಾಕಿದವ: ನೋಟ್‌ಪ್ಯಾಡ್‌ಗೆ ಹಾಕಿ ನೋಡಿದೆ. ಕಾಲಂ ಕಿರಿದು ಅಂತ "ಸೆಲೇ-" ಒಂದು ಸಾಲು, "ನಿಯಂ" ಕೆಳಗಿನ ಸಾಲು. ಮಧ್ಯದಲ್ಲಿ ನನ್ನ ಡಿಗ್ರಿ ಪರ್ಸೆಂಟೇಜ್.