ಅವ್ವನ ಪಾಸ್‌ಪೋರ್ಟ್ ಅಮೆರಿಕದಲ್ಲಿರುವಾಗಲೇ ಮುಗಿದುಹೋಗಿದೆ, ವಾಪಸು ಕರೆಸಿಕೊಳ್ಳುವುದು ಹೇಗೆ?

ಡೊಂಬಿವಲಿಯ ಮಗಳು (ಅಕ್ಟೋಬರ್ 13)

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ನಿದ್ದೆ ಇಲ್ಲ. ಗೊತ್ತಿದ್ದವರು ದಯವಿಟ್ಟು ದಾರಿ ತೋರಿಸಿ.

ಅವ್ವನಿಗೆ 71 ವರ್ಷ. ತಂಗಿಯ ಬಾಣಂತನಕ್ಕೆ ಅಂತ ಜುಲೈಯಲ್ಲಿ ನ್ಯೂಜೆರ್ಸಿಗೆ ಹೋಗಿದ್ದಾಳೆ. ನವೆಂಬರ್ 2ಕ್ಕೆ ನೆವಾರ್ಕ್‌ನಿಂದ ವಾಪಸು ಟಿಕೆಟ್. ಮೊನ್ನೆ ತಂಗಿ ವೀಲ್‌ಚೇರ್ ಹೇಳಿಡೋಣ ಅಂತ ಪಾಸ್‌ಪೋರ್ಟ್ ತೆಗೆದು ನೋಡಿದರೆ, ಅಕ್ಟೋಬರ್ 9ಕ್ಕೇ ಮುಗಿದಿದೆ!

ತಪ್ಪು ನನ್ನದೇ. ಹೊರಡುವ ಮುಂಚೆ ಪುಸ್ತಕ ನನ್ನ ಕೈಯಲ್ಲೇ ಇತ್ತು. ವೀಸಾದ ಪುಟ ತೆರೆದು 2032 ಅಂತ ಓದಿ, ಇನ್ನೂ ಏಳು ವರ್ಷ ಇದೆ ಅಂತ ಮುಚ್ಚಿಟ್ಟೆ. ಪಾಸ್‌ಪೋರ್ಟಿನದೇ ತಾರೀಖು ಬೇರೆ ಪುಟದಲ್ಲಿ ಇರುತ್ತದೆ ಅನ್ನೋದು ಹೊಳೆಯಲೇ ಇಲ್ಲ. ಟಿಕೆಟ್ ಮಾಡಿಕೊಟ್ಟ ಏಜೆಂಟರೂ ನೋಡಲಿಲ್ಲ.

ಈಗ ಅವಳನ್ನು ವಿಮಾನ ಹತ್ತಿಸುತ್ತಾರಾ? ವೀಸಾ ಕೂಡ ಹೋದಂತೆಯಾ? ಬಿಪಿ ಗುಳಿಗೆ ಬೇರೆ ನವೆಂಬರ್ 10ರವರೆಗೆ ಮಾತ್ರ ಇದೆ. ಅವ್ವ ಫೋನಿನಲ್ಲಿ "ನನ್ನನ್ನ ಪೊಲೀಸರು ಹಿಡೀತಾರೇನು" ಅಂತ ಕೇಳಿದಳು. ನನಗೆ ಉತ್ತರ ಕೊಡಲಾಗಲಿಲ್ಲ.

ಕೋಥ್ರೂಡದಿಂದ

ಅಕ್ಕಾರ, ಗಾಬರಿ ಆಗಬ್ಯಾಡ್ರಿ. ಅವ್ವಗ ಯಾರೂ ಹಿಡಿಯೂದಿಲ್ಲ ಅಂತ ಮೊದಲ ಹೇಳ್ರಿ.

ನಂದು ಬ್ಯಾಂಕಾಕ್‌ನ್ಯಾಗ ಪಾಸ್‌ಪೋರ್ಟ್ ಟ್ಯಾಕ್ಸಿದಾಗ ಹೋಗಿತ್ತು. ನಮ್ಮ ರಾಯಭಾರ ಕಚೇರಿಯವರು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಟ್ರು. ಅದು ಊರಿಗೆ ಒಂದ ಸಲ ಬರಾಕ ಮಾತ್ರ ನಡೀತದ. ಮುಂಬೈದ ಸಹಾರ್ ವಿಮಾನ ನಿಲ್ದಾಣದಾಗ ಇಳಿದ ಕೂಡಲೇ ಇಮಿಗ್ರೇಷನ್ ಕೌಂಟರ್‌ದವರು ಆ ಕಾಗದ ತಮ್ಮ ಕಡೇನ ಇಟ್ಕೊಂಡ್ರು. ಪುಣ್ಯಾಕ್ಕ ಮೊದಲ ಫೋಟೋ ಹೊಡ್ಕೊಂಡಿದ್ದೆ. ಮುಂದ ಮುಂಢವಾ ಪಾಸ್‌ಪೋರ್ಟ್ ಸೇವಾ ಕೇಂದ್ರದಾಗ ಅದನ್ನ ಕೇಳಿದ್ರು.

ನಿಮ್ಮ ಕೇಸಿನ್ಯಾಗ ಪಾಸ್‌ಪೋರ್ಟ್ ಕಳದಿಲ್ಲ, ಕೈಯಾಗ ಅದ. ಅದ ದೊಡ್ಡ ಅನುಕೂಲ.

ಮುಲುಂಡಿನ ನಿವೃತ್ತ

ಅಮ್ಮಾ, ನನ್ನ ಹೆಂಡತಿಗೂ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಹೀಗೇ ಆಗಿತ್ತು, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮುಗಿದ ಪಾಸ್‌ಪೋರ್ಟಿನಲ್ಲಿ ಏರ್‌ಲೈನಿನವರು ಹತ್ತಿಸುವುದಿಲ್ಲ. ಹೊಸ ಪಾಸ್‌ಪೋರ್ಟ್ ಬೇಕು, ಇಲ್ಲವೇ ಮೇಲಿನವರು ಹೇಳಿದ ಸರ್ಟಿಫಿಕೇಟ್ ಬೇಕು. ಆದರೆ ಯಾವುದು ಅಂತ ನಿರ್ಧರಿಸುವ ಮುಂಚೆ ಇವತ್ತೇ ಒಂದು ಕೆಲಸ ಮಾಡಿ: ತಾಯಿಯವರ ಐ-94, ಅಂದರೆ ಅಮೆರಿಕದ ಒಳಗೆ ಬಿಡುವಾಗ ಅಲ್ಲಿಯವರು ಮಾಡುವ ದಾಖಲೆ, ವೆಬ್‌ಸೈಟಿನಲ್ಲಿ ತೆಗೆದು ನೋಡಿ. ಅಮೆರಿಕದಲ್ಲಿ ಎಷ್ಟು ದಿನ ಇರಬಹುದು ಅನ್ನುವುದನ್ನು ಹೇಳುವುದು ವೀಸಾ ಅಲ್ಲ, ಐ-94. ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಆದರೆ ಪಾಸ್‌ಪೋರ್ಟ್ ಬೇಗ ಮುಗಿಯುವುದಿದ್ದರೆ ಎಷ್ಟೋ ಸಲ ಆ ತಾರೀಖಿಗೇ ನಿಲ್ಲಿಸಿಬಿಡುತ್ತಾರೆ. ಐ-94 ದಾಟಿ ಉಳಿದರೆ 2032ರ ವೀಸಾ ತಾನಾಗಿಯೇ ರದ್ದಾಗುತ್ತದೆ. ನನಗೆ ಭಯ ಇರುವುದು ಇದೊಂದರದ್ದೇ.

ತಾರೀಖು ಅಕ್ಟೋಬರ್ 9 ಅಂತಲೇ ಇದ್ದರೆ ಒಂದು ದಿನವೂ ಕಾಯಬೇಡಿ. ಅಲ್ಲಿಯ ಇಮಿಗ್ರೇಷನ್ ವಕೀಲರನ್ನು ಕೇಳಿ, ಸರ್ಟಿಫಿಕೇಟ್ ಪಡೆದು ಹೊರಡಿಸಿ. ಜನವರಿವರೆಗೆ ಇದ್ದರೆ ಟಿಕೆಟ್ ಮುಂದಕ್ಕೆ ಹಾಕಿ, ಹೊಸ ಪಾಸ್‌ಪೋರ್ಟೇ ಮಾಡಿಸಿ. ಸರ್ಟಿಫಿಕೇಟಿನಲ್ಲಿ ಬಂದರೆ 71ರ ಹೆಂಗಸು ಇಲ್ಲಿ ಬಂದು ಮತ್ತೆ ಸಾಲಿನಲ್ಲಿ ನಿಲ್ಲಬೇಕು.

ನ್ಯೂಜೆರ್ಸಿ ನ್ಯೂಯಾರ್ಕ್ ಕಾನ್ಸುಲೇಟಿಗೆ ಸೇರುತ್ತದೆ. ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲಿ ಅರ್ಜಿ ತುಂಬಿ, ಕಾನ್ಸುಲೇಟಿನ ಪರವಾಗಿ ಅರ್ಜಿ ತೆಗೆದುಕೊಳ್ಳುವ ವಿಎಫ್‌ಎಸ್ ಕೇಂದ್ರದ ಮೂಲಕ ಕೊಡಬೇಕು. ತತ್ಕಾಲ್ ಕೂಡ ಉಂಟು. ಹಳೆಯದಕ್ಕೆ ರದ್ದಿನ ಗುರುತು ಹಾಕಿ ವಾಪಸು ಕೊಡುತ್ತಾರೆ. ಒಳಗಿನ ವೀಸಾಕ್ಕೆ ಏನೂ ಆಗುವುದಿಲ್ಲ. ಮುಂದಿನ ಸಲ ಎರಡೂ ಪುಸ್ತಕ ಒಟ್ಟಿಗೆ ಹಿಡಿದು ಹೋದರಾಯಿತು.

ಡೊಂಬಿವಲಿಯ ಮಗಳು (ಅಕ್ಟೋಬರ್ 14)

ಸರ್, ತಂಗಿ ರಾತ್ರಿಯೆಲ್ಲಾ ಐ-94 ವೆಬ್‌ಸೈಟಿನಲ್ಲಿ ಹುಡುಕಿದಳು. ಅವ್ವನ ಹೆಸರು ಹಾಕಿದರೆ "ದಾಖಲೆ ಇಲ್ಲ" ಅಂತಲೇ ಬರುತ್ತಿದೆ. ಕೈಕಾಲೇ ಆಡುತ್ತಿಲ್ಲ.

ಮುಲುಂಡಿನ ನಿವೃತ್ತ

ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆಯೇ? ನಮ್ಮ ಕಡೆಯ ಹಿರಿಯ ಹೆಂಗಸರದ್ದು ಹೆಚ್ಚಾಗಿ ಹಾಗೇ. ವೀಸಾ ಪುಟ ನೋಡಿ, ಗಿವನ್ ನೇಮ್ ಎದುರಿಗೆ ಎಫ್‌ಎನ್‌ಯು (FNU, ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ) ಅಂತ ಮೂರಕ್ಷರ ಇರುತ್ತದೆ. ಮೊದಲ ಹೆಸರಿನ ಜಾಗದಲ್ಲಿ ಅದನ್ನೇ ಹಾಕಿ, ಅವರ ಹೆಸರನ್ನು ಸರ್‌ನೇಮ್ ಜಾಗಕ್ಕೆ ಹಾಕಿ.

ಡೊಂಬಿವಲಿಯ ಮಗಳು

ಸಿಕ್ಕಿತು! ಜನವರಿ 14ರವರೆಗೆ ಇದೆ. ಅಡುಗೆಮನೆಯಲ್ಲೇ ಕೂತು ಅತ್ತುಬಿಟ್ಟೆ ಸರ್. ನಿಮಗೆ ಎಷ್ಟು ಕೈ ಮುಗಿದರೂ ಸಾಲದು.

ಪಣಜಿಯ ಅಮ್ಮ

ಓದಿ ಸಮಾಧಾನವಾಯ್ತು. ಮಕ್ಕಳಿರುವವರು ಒಂದು ಗಮನಿಸಿ: ನಮ್ಮದು 10 ವರ್ಷ, ಮಕ್ಕಳದ್ದು 5 ವರ್ಷಕ್ಕೇ ಮುಗಿಯುತ್ತದೆ. ಇದನ್ನು ಓದಿದ ಮೇಲೆ ಎದ್ದು ಕಪಾಟು ತೆಗೆದೆ. ಮಗನದ್ದು ಫೆಬ್ರವರಿಗೆ ಮುಗಿಯುತ್ತಿದೆ, ನಾವು ಜನವರಿಗೆ ದುಬೈ ಟಿಕೆಟ್ ಮಾಡಿಯಾಗಿದೆ. ಅಲ್ಲಿಗೆ ಆರು ತಿಂಗಳ ಅವಧಿ ಉಳಿದಿರಬೇಕು. ನಾಳೆಯೇ ಅರ್ಜಿ ಹಾಕುತ್ತೇನೆ.

ಡೊಂಬಿವಲಿಯ ಮಗಳು (ನವೆಂಬರ್ 22)

ನಿನ್ನೆ ಅವ್ವನ ಹೊಸ ಪಾಸ್‌ಪೋರ್ಟ್ ಬಂತು. ಗುಳಿಗೆಗೆ ತೊಂದರೆ ಆಗಲಿಲ್ಲ. ಠಾಣೆಯಿಂದ ಅತ್ತ ಹೊರಟಿದ್ದ ಒಬ್ಬರು ಡಾಕ್ಟರ್ ಚೀಟಿ ಸಮೇತ ಎರಡು ತಿಂಗಳದ್ದು ಒಯ್ದು ಕೊಟ್ಟರು.

ಹೊಸದರಲ್ಲಿ ನಂಬರೇ ಬೇರೆ ಇರುತ್ತದೆ, ನೆನಪಿಡಿ. ಟಿಕೆಟ್ಟಿನಲ್ಲಿ ಬದಲಿಸಿ, ವೀಲ್‌ಚೇರ್ ಮತ್ತೆ ಹೇಳಿಸಿದೆವು. ಈಗ ಡಿಸೆಂಬರ್ 6ಕ್ಕೆ ಹೊರಡುತ್ತಾಳೆ.

ವಿಡಿಯೋದಲ್ಲಿ ಅವ್ವ ಎರಡೂ ಪುಸ್ತಕ ತೋರಿಸಿದಳು. ಹಳೆಯದರ ಮೂಲೆ ಕತ್ತರಿಸಿದ್ದಾರೆ, ವೀಸಾದ ಪುಟ ಹಾಗೇ ಇದೆ. ಕೂಸಿನ ಬಟ್ಟೆ ಕಟ್ಟುವ ಲಾಡಿಯಿಂದ ಎರಡನ್ನೂ ಸೇರಿಸಿ ಕಟ್ಟಿ, ದೇವರ ಮುಂದೆ ಇಟ್ಟಿದ್ದಾಳೆ.