ಸ್ಕ್ವಿಡ್ ಗೇಮ್‌ನ ಅಲಿ: ಹೊರಗಿನವನು ಅಂದರೆ ಬರೀ ಮುಗ್ಧನೇ ಆಗಿರಬೇಕಾ?

ಅರೆನಿದ್ದೆ:
ಸ್ಕ್ವಿಡ್ ಗೇಮ್ ಮೊದಲ ಸೀಸನ್ (2021) ಮತ್ತೆ ನೋಡಿದೆ. ಸಾಲದಲ್ಲಿ ಮುಳುಗಿದವರು ದುಡ್ಡಿಗಾಗಿ ಮಕ್ಕಳ ಆಟ ಆಡಿ, ಸೋತರೆ ಸಾಯುವ ದಕ್ಷಿಣ ಕೊರಿಯಾದ ಸೀರೀಸ್ ಅದು. ಕಥೆ ಬಿಟ್ಟುಕೊಡುತ್ತಿದ್ದೇನೆ, ನೋಡದವರು ಇಲ್ಲಿಗೇ ನಿಲ್ಲಿಸಿ. ನನ್ನ ಪ್ರಶ್ನೆ 199ನೇ ಆಟಗಾರ ಅಲಿ ಬಗ್ಗೆ. ಪಾಕಿಸ್ತಾನದಿಂದ ಬಂದ ಕಾರ್ಖಾನೆ ಕೆಲಸಗಾರ, ಬೆರಳು ಹೋಗಿದೆ, ತಿಂಗಳುಗಟ್ಟಲೆ ಸಂಬಳ ಬಂದಿಲ್ಲ. ಇಷ್ಟಾದರೂ ಜೊತೆಯ ಆಟಗಾರ ಸಾಂಗ್‌ವೂ ಮೇಲೆ ಅನುಮಾನವೇ ಇಲ್ಲ, ಗೋಲಿ ಆಟದಲ್ಲಿ ಅವನು ಗೋಲಿ ಬದಲು ಕಲ್ಲು ತುಂಬಿಕೊಟ್ಟ ಚೀಲವನ್ನು ಸಮಯ ಮೀರುವವರೆಗೂ ಬಿಚ್ಚಿ ನೋಡುವುದಿಲ್ಲ. ಉಳಿದವರಿಗೆಲ್ಲ ಆಸೆ, ಸಿಟ್ಟು, ಕುತಂತ್ರ. ಇವನಿಗೆ ಮಾತ್ರ ಒಳ್ಳೆಯತನ. ಇದನ್ನೂ ಪ್ರಾತಿನಿಧ್ಯ ಅನ್ನಬಹುದಾ?

ಕಡೆಸಾಲು:
ಪೂರ್ತಿ ಒಪ್ಪಲಾರೆ. ಎರಡನೇ ಕಂತು ನೆನಪಿಸಿಕೊಳ್ಳಿ, ಮಾಲೀಕನ ಜೊತೆ ಹೊಡೆದಾಡಿ, ಅವನ ಕೈ ಯಂತ್ರಕ್ಕೆ ಸಿಕ್ಕಿಕೊಂಡಾಗ ದುಡ್ಡು ಎತ್ತಿಕೊಂಡು ಓಡುವವನು ಇದೇ ಅಲಿ. ಸಿಟ್ಟು ಇದೆ, ಆದರೆ ನಂಬಿಕೆ ಇಡಲು ಅವನಿಗೆ ಬೇರೆ ಯಾರಿದ್ದಾರೆ? ಕೊರಿಯಾದಲ್ಲಿ 2004ರಿಂದ ಇರುವ ಪರ್ಮಿಟ್ ಪದ್ಧತಿಯಲ್ಲಿ ವಿದೇಶಿ ಕಾರ್ಮಿಕ ತನ್ನಿಷ್ಟಕ್ಕೆ ಕೆಲಸ ಬದಲಾಯಿಸುವಂತಿಲ್ಲ. ಮಾಲೀಕ ಬಿಡಬೇಕು, ಇಲ್ಲವೇ ಸಂಬಳ ಕೊಟ್ಟಿಲ್ಲ ಎನ್ನುವಂಥ ತಪ್ಪನ್ನು ತೋರಿಸಬೇಕು. ಯಾರದೋ ದಯೆಯ ಮೇಲೆ ಬದುಕು ನಿಂತಿರುವಾಗ, ಊಟ ಕೊಡಿಸಿ ಬಸ್ಸಿಗೆ ದುಡ್ಡು ಕೊಟ್ಟ ಸಾಂಗ್‌ವೂ ದೇವರ ಹಾಗೆ ಕಾಣುತ್ತಾನೆ, ಅಲ್ವಾ? ಅದು ಪೆದ್ದುತನ ಅಲ್ಲ.

ಮಳೆಹುಳ:
ಅದೆಲ್ಲ ಸರಿ, ಆದರೆ ಆ ಪರ್ಮಿಟ್ ವಿಷಯ ನೀವು ಹೇಳಿದಿರಿ, ಸೀರೀಸ್ ಹೇಳಲಿಲ್ಲ! ಇನ್ನೊಬ್ಬ ಆಟಗಾರ್ತಿ ಸೆಬ್ಯೊಕ್ ಜೊತೆ ಹೋಲಿಸಿ. ಅವಳೂ ಹೊರಗಿನವಳೇ, ಉತ್ತರ ಕೊರಿಯಾದಿಂದ ತಪ್ಪಿಸಿಕೊಂಡು ಬಂದವಳು. ತಮ್ಮನ ಹತ್ತಿರ ಮಾತ್ರ ಊರ ಧಾಟಿಯಲ್ಲಿ ಮಾತಾಡಿ ಉಳಿದವರ ಮುಂದೆ ದಕ್ಷಿಣದ ರಾಜಧಾನಿ ಸೋಲ್‌ನವಳ ಹಾಗೆ ಮಾತಾಡುತ್ತಾಳೆ. ದುಡ್ಡು ತಿಂದ ದಲ್ಲಾಳಿಯ ಕುತ್ತಿಗೆಗೆ ಚಾಕು ಹಿಡಿಯುತ್ತಾಳೆ. ಅವಳ ತಲೆಯಲ್ಲಿ ಏನು ನಡೆಯುತ್ತಿದೆ ಅಂತ ನಮಗೆ ಗೊತ್ತಾಗುತ್ತದೆ. ಅಲಿ ವಿಷಯದಲ್ಲಿ ಗೊತ್ತಾಗುವುದು ಸಾಂಗ್‌ವೂ ಎಷ್ಟು ಕೆಟ್ಟವನಾದ ಅನ್ನುವುದು ಮಾತ್ರ. ಅಲಿ ಪಾತ್ರ ಮಾಡಿದ ಅನುಪಮ್ ತ್ರಿಪಾಠಿ ನಟನೆ ಚೆನ್ನಾಗಿದ್ದಿದ್ದಕ್ಕೆ ಪಾತ್ರ ತುಂಬಿದ ಹಾಗೆ ಕಾಣುತ್ತದೆ ಅಷ್ಟೇ. ಬರವಣಿಗೆಯಲ್ಲಿ ತೆಳು.

ತೆರೆಹಿಂದೆ:
ಆಮೇಲಿನ ಸೀಸನ್‌ಗಳ ಹ್ಯುಂಜು ಪಾತ್ರವನ್ನೂ ಸೇರಿಸಿಕೊಳ್ಳಿ. ಟ್ರಾನ್ಸ್ ಹೆಣ್ಣು, ಹಿಂದೆ ಸೈನಿಕಳು. ಸುಮ್ನೆ ಹಾಕಿದ ಹಿನ್ನೆಲೆ ಅಲ್ಲ ಅದು: ಲಿಂಗ ಬದಲಾವಣೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಸೈನಿಕಳೊಬ್ಬಳನ್ನು 2020ರಲ್ಲಿ ಅಲ್ಲಿನ ಸೇನೆ ನಿಜವಾಗಿಯೂ ಹೊರಹಾಕಿತ್ತು. ಅದು ತಪ್ಪು ಎಂದು 2021ರಲ್ಲಿ ಕೋರ್ಟ್ ಹೇಳುವಷ್ಟರಲ್ಲಿ ಆಕೆ ಬದುಕಿರಲಿಲ್ಲ. ಆ ಪಾತ್ರ ಮಾಡಿದ್ದು ಗಂಡು ನಟ ಪಾರ್ಕ್ ಸಂಗ್‌ಹೂನ್, ಅದಕ್ಕೆ ತುಂಬಾ ಟೀಕೆ ಬಂತು. ಬಹಿರಂಗವಾಗಿ ಟ್ರಾನ್ಸ್ ಆಗಿರುವ ನಟರೇ ಕೊರಿಯಾದಲ್ಲಿ ಸಿಗಲಿಲ್ಲ ಎಂದು ನಿರ್ದೇಶಕ ಹ್ವಾಂಗ್ ಡಾಂಗ್‌ಹ್ಯುಕ್ ಕಾರಣ ಕೊಟ್ಟರು. ಕಾರಣ ನಿಜವೇ ಇರಬಹುದು, ಆದರೆ ಅವಕಾಶ ಕೊಡದೆ ನಟರು ಎಲ್ಲಿಂದ ಹುಟ್ಟುತ್ತಾರೆ?
ಪಾತ್ರ ಮಾತ್ರ ಅಲಿಗಿಂತ ಎಷ್ಟೋ ಗಟ್ಟಿ. ಮುಂದೆ ನಿಂತು ನಡೆಸುತ್ತಾಳೆ, ತಾನೇ ನಿರ್ಧಾರ ಮಾಡುತ್ತಾಳೆ.

ಅರೆನಿದ್ದೆ:
@ತೆರೆಹಿಂದೆ ಆದರೆ ಹ್ಯುಂಜು ಸಾಯುವುದು ಹೇಗೆ? ಹೊರಹೋಗುವ ಬಾಗಿಲು ಸಿಕ್ಕಮೇಲೂ ಬೇರೆಯವರಿಗಾಗಿ ವಾಪಸ್ ಬಂದು! ನಿರ್ಧಾರ ಅವಳದೇ, ಒಪ್ಪುತ್ತೇನೆ. @ಕಡೆಸಾಲು ಮಾಲೀಕನ ಜಗಳ ನೀವು ಹೇಳಿದ್ದು ಸರಿ. ಆ ಅಲಿಯೇ ಗೋಲಿ ಆಟಕ್ಕೂ ಬಂದಿದ್ದರೆ ಚೆನ್ನಾಗಿತ್ತು. ಸಾಂಗ್‌ವೂಗೆ ಒಂದು ಸಲ ಅವನೂ ಮೋಸ ಮಾಡಲು ನೋಡಿ ಸೋತಿದ್ದರೆ ನನಗೆ ಜಾಸ್ತಿ ನೋವಾಗುತ್ತಿತ್ತು.