ಕನ್ನಡ ಮಹಾಪ್ರಬಂಧಕ್ಕೆ ವರ್ಡ್, ರೈಟರ್, ಗೂಗಲ್ ಡಾಕ್ಸ್: ಯಾವುದು ಅನುಕೂಲ?

ಪ್ರಶ್ನೆ – ಸಂಶೋಧನಾ ವಿದ್ಯಾರ್ಥಿನಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಭಾಗದ ತತ್ವಪದಕಾರರ ಕುರಿತ ನನ್ನ ಮಹಾಪ್ರಬಂಧ ಸುಮಾರು 300 ಪುಟಗಳಷ್ಟಾಗಿದೆ. ಮೊದಲ ಮೂರು ಅಧ್ಯಾಯಗಳನ್ನು ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ್ದೆ. ಉಳಿದವನ್ನು ನಾನೇ ಯುನಿಕೋಡಿನಲ್ಲಿ (ಕನ್ನಡ ಅಕ್ಷರಗಳಿಗೆ ಅವುಗಳದ್ದೇ ಸಂಕೇತವಿರುವ ವ್ಯವಸ್ಥೆಯಲ್ಲಿ) ಬರೆದಿದ್ದೇನೆ. ಈಗ ಎಲ್ಲವನ್ನೂ ಒಂದುಗೂಡಿಸಿ, ಅಡಿಟಿಪ್ಪಣಿಗಳನ್ನೂ ತತ್ವಪದಗಳ ಮೊದಲ ಸಾಲಿನ ಅಕಾರಾದಿಯನ್ನೂ ಸಿದ್ಧಪಡಿಸಬೇಕು. ಮಾರ್ಗದರ್ಶಕರು ವರ್ಡ್‌ನಲ್ಲಿಯೇ ತಿದ್ದುತ್ತಾರೆ; ನನ್ನ ಲ್ಯಾಪ್‌ಟಾಪಿನಲ್ಲಿ ಲಿಬ್ರೆಆಫೀಸ್‌ನ ರೈಟರ್ ಇದೆ. ಯಾವುದರಲ್ಲಿ ಮುಂದುವರಿಯಲಿ?

ಉತ್ತರ – ಕನ್ನಡ ಉಪನ್ಯಾಸಕ, ಬೀದರ್

ಮೇಡಂ, ಮೊದಲು ಆ ಮೂರು ಅಧ್ಯಾಯಗಳನ್ನು ಯುನಿಕೋಡಿಗೆ ತನ್ನಿ. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಕಡತದೊಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಆದ್ದರಿಂದ ಯಾವ ತಂತ್ರಾಂಶವೂ ಅದನ್ನು ಸರಿಯಾದ ಅಕಾರಾದಿಯಲ್ಲಿ ಜೋಡಿಸಲಾರದು. ನಾನು ನನ್ನ ಪ್ರಬಂಧವನ್ನು ಪರಿವರ್ತಿಸಿದಾಗ, ಗ್ರಂಥಋಣದಲ್ಲಿದ್ದ ಇಂಗ್ಲಿಷ್ ಶೀರ್ಷಿಕೆಗಳೆಲ್ಲ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಹೋಗಿದ್ದವು, ಕೆಲವು ಅರ್ಕಾವತ್ತುಗಳು ಪಕ್ಕದ ಅಕ್ಷರಕ್ಕೆ ಅಂಟಿಕೊಂಡಿದ್ದವು. ಮುದ್ರಿತ ಪ್ರತಿಯನ್ನು ಎದುರಿಗಿಟ್ಟುಕೊಂಡು ಸಾಲು ಸಾಲಾಗಿ ಓದದೆ ಬೇರೆ ದಾರಿಯಿಲ್ಲ.

ಆಮೇಲೆ ರೈಟರ್ ಸಾಕು. ಅಧ್ಯಾಯಗಳನ್ನು ಬೇರೆ ಬೇರೆ ಕಡತಗಳಲ್ಲಿಟ್ಟು ಮಾಸ್ಟರ್ ಡಾಕ್ಯುಮೆಂಟಿನಲ್ಲಿ ಕೂಡಿಸುವ ವ್ಯವಸ್ಥೆ ಅದರ ದೊಡ್ಡ ಬಲ. ಒಂದು ಎಚ್ಚರಿಕೆ: ಸ್ಟೈಲ್‌ನಲ್ಲಿ ಇಂಗ್ಲಿಷಿಗೂ ಕನ್ನಡಕ್ಕೂ ಫಾಂಟ್ ಮತ್ತು ಅಳತೆ ಬೇರೆ ಬೇರೆಯಾಗಿರುತ್ತವೆ. ಮೇಲಿನ ಭಾಗದಲ್ಲಿ 14 ಎಂದು ಕೊಟ್ಟರೂ ಕನ್ನಡ 12ರಲ್ಲೇ ಉಳಿದರೆ, ಸಿಟಿಎಲ್ (ಕನ್ನಡದಂಥ ಸಂಕೀರ್ಣ ಲಿಪಿಗಳಿಗೆ ಮೀಸಲಾದದ್ದು) ಎಂಬ ಭಾಗದಲ್ಲಿಯೂ ಬದಲಾಯಿಸಬೇಕು.

ಉತ್ತರ – ಡಿಟಿಪಿ ಕೆಲಸ ಮಾಡುವವನು, ಯಾದಗಿರಿ

ಪರಿವರ್ತನೆಯ ವಿಷಯದಲ್ಲಿ ಸರ್ ಹೇಳಿದ್ದು ನಿಜ. ಆದರೆ ಮಾರ್ಗದರ್ಶಕರು ವರ್ಡ್ ಬಳಸುತ್ತಿರುವಾಗ ರೈಟರ್ ಒಂದೇ ಸಾಕೆಂಬುದನ್ನು ನಾನು ಒಪ್ಪಲಾರೆ. ತಿದ್ದುಪಡಿಯ ಗುರುತುಗಳೂ ಟಿಪ್ಪಣಿಗಳೂ ವರ್ಡ್‌ನ .docx ಕಡತದ ಮೂಲಕ ಎರಡೂ ಕಡೆ ಬಹುಮಟ್ಟಿಗೆ ಸರಿಯಾಗಿ ಬರುತ್ತವೆ, ಪುಟ ವಿನ್ಯಾಸ ಮಾತ್ರ ಹಾಗೆಯೇ ಬರುವುದಿಲ್ಲ. ನಿಮ್ಮ ಫಾಂಟ್ ಅವರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಸಾಲುಗಳು ಬೇರೆಡೆ ಮುರಿದು, ಅಡಿಟಿಪ್ಪಣಿ ಮುಂದಿನ ಪುಟಕ್ಕೆ ಜಾರುತ್ತದೆ. ಆದ್ದರಿಂದ ಇಬ್ಬರೂ ಒಂದೇ ಯುನಿಕೋಡ್ ಫಾಂಟ್ ಹಾಕಿಕೊಳ್ಳಿ. ಪುಟಸಂಖ್ಯೆ, ಪರಿವಿಡಿಗಳನ್ನು ತಿದ್ದುಪಡಿಯೆಲ್ಲ ಮುಗಿದ ಮೇಲೆ ಒಂದೇ ತಂತ್ರಾಂಶದಲ್ಲಿ ಅಂತಿಮಗೊಳಿಸಿ, ಮುದ್ರಣಕ್ಕೆ ಪಿಡಿಎಫ್ ಮಾತ್ರ ಕೊಡಿ.

ಗೂಗಲ್ ಡಾಕ್ಸ್ ಇಬ್ಬರು ಒಟ್ಟಿಗೆ ಕುಳಿತಂತೆ ಬರೆಯಲು ಒಳ್ಳೆಯದು. ಆದರೆ ಪದಸೂಚಿ ತಯಾರಿಸುವ ಸೌಲಭ್ಯ ವರ್ಡ್ ಮತ್ತು ರೈಟರ್ ಎರಡರಲ್ಲಿಯೂ ಇರುವಂತೆ ಅದರಲ್ಲಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಎರಡನೆಯ ಅಧ್ಯಾಯವನ್ನು ಪರಿವರ್ತಿಸಿ ನೋಡಿದೆ. ಅರ್ಕಾವತ್ತಿನ ದೋಷಗಳು ಇದ್ದೇ ಇವೆ. ಮೊದಲು ಅವುಗಳನ್ನು ತಿದ್ದಿ, ಒಂದು ಅಧ್ಯಾಯವನ್ನು ರೈಟರ್‌ನಿಂದ .docx ಕಡತವಾಗಿ ಉಳಿಸಿ ಮಾರ್ಗದರ್ಶಕರಿಗೆ ಕಳುಹಿಸುತ್ತೇನೆ.